ಎಣಿಕೆಯ ಕಟ್ಟು ಬದಲಾದಾಗ

ಗಣಕಯಂತ್ರದ ಪಾಠ ಕಲಿಯುವ ಹುಡುಗನೋ ಹುಡುಗಿಯೋ ನಿಮ್ಮ ಮನೆಯಲ್ಲಿದ್ದರೆ, ಮೊದಲ ಕೆಲವು ವಾರಗಳಲ್ಲೇ ಅವರಿಗೆ ಒಂದು ಅಭ್ಯಾಸ ಬಂದೇ ಬರುತ್ತದೆ: "ಒಂದು ಸಂಖ್ಯೆಯನ್ನು ಓದಿಕೊಂಡು, ಅದನ್ನು ಬೇರೆ ಮಾನದಲ್ಲಿ ಬರೆದು ತೋರಿಸುವ ಪ್ರೋಗ್ರಾಮು ರಚಿಸಿ." ಹತ್ತರ ಮಾನದಲ್ಲಿ 107 ಎಂದು ಕೊಟ್ಟರೆ, ಎರಡರ ಮಾನದಲ್ಲಿ 1101011 ಎಂದು ಉತ್ತರ ಬರಬೇಕು. ಹದಿನಾರರ ಮಾನದಲ್ಲಿ ಕೇಳಿದರೆ 6ಬಿ ಎಂದು ಬರಬೇಕು. ಸಂಖ್ಯೆಯ ನಡುವೆ ಅಕ್ಷರವೊಂದು ಬಂದು ಕುಳಿತದ್ದನ್ನು ಕಂಡು ಮನೆಯ ಹಿರಿಯರು, "ಇದು ನಮ್ಮ ಕಾಲದ ವಿದ್ಯೆಯಲ್ಲ" ಎಂದು ಸುಮ್ಮನಾಗುತ್ತಾರೆ. ಮಕ್ಕಳು ಭಾಗಾಕಾರದ ಕ್ರಮವನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ.

ಹಿರಿಯರು ಸುಮ್ಮನಾಗಬೇಕಾಗಿಲ್ಲ, ಮಕ್ಕಳು ಬಾಯಿಪಾಠ ಮಾಡಬೇಕಾಗಿಯೂ ಇಲ್ಲ. ಈ ಲೆಕ್ಕ ನಮ್ಮ ಅಂಗಡಿ ಕಟ್ಟೆಗಳ ಮೇಲೆ, ಧಾನ್ಯದ ಕಣಗಳಲ್ಲಿ ನೂರಾರು ವರ್ಷ ದಿನನಿತ್ಯ ನಡೆದ ಲೆಕ್ಕ. ಇಂದು ಅದನ್ನೇ ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ. ಜೊತೆಗೆ, ಇಂಥ ಲೆಕ್ಕದಲ್ಲಿ ಎಲ್ಲಿ ಏನೂ ನಷ್ಟವಾಗುವುದಿಲ್ಲ, ಎಲ್ಲಿ ನಷ್ಟವಾಗಬಹುದು ಎಂಬುದನ್ನೂ ಹೇಳಬೇಕಾಗಿದೆ. ಆ ನಷ್ಟದಿಂದ ಮನುಷ್ಯರ ಪ್ರಾಣ ಹೋದದ್ದುಂಟು.

ಮೊದಲು ಮಾನವೆಂದರೇನು ಎಂಬುದನ್ನು ನೋಡೋಣ. ಬಹಳ ವಸ್ತುಗಳನ್ನು ಎಣಿಸುವಾಗ ನಾವು ಅವುಗಳನ್ನು ಕಟ್ಟು ಕಟ್ಟುತ್ತೇವೆ. ಹತ್ತು ಬಿಡಿಗಳಿಗೆ ಒಂದು ಕಟ್ಟು. ಅಂಥ ಹತ್ತು ಕಟ್ಟುಗಳಿಗೆ ಒಂದು ದೊಡ್ಡ ಕಟ್ಟು. 107 ಎಂದರೆ ಒಂದು ದೊಡ್ಡ ಕಟ್ಟು, ಸಣ್ಣ ಕಟ್ಟು ಒಂದೂ ಇಲ್ಲ, ಏಳು ಬಿಡಿ. ನಮಗೆ ಹತ್ತು ಬೆರಳುಗಳಿರುವುದರಿಂದ ಹತ್ತರ ಕಟ್ಟು ರೂಢಿಗೆ ಬಂತು. ನಾಲ್ಕರ ಕಟ್ಟು ಕಟ್ಟಿದರೂ, ಹನ್ನೆರಡರ ಕಟ್ಟು ಕಟ್ಟಿದರೂ ರಾಶಿಯಲ್ಲಿರುವ ಕಾಳು ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ಬರೆಯುವ ರೀತಿ ಮಾತ್ರ ಬೇರೆಯಾಗುತ್ತದೆ. ಮಾನ ಬದಲಿಸುವುದೆಂದರೆ ಹಳೆಯ ಕಟ್ಟು ಬಿಚ್ಚಿ ಹೊಸ ಕಟ್ಟು ಕಟ್ಟುವುದು. ಇಷ್ಟು ಮನಸ್ಸಿನಲ್ಲಿ ನಿಂತರೆ ಅಭ್ಯಾಸದ ಅರ್ಧ ಕೆಲಸ ಮುಗಿದಂತೆಯೇ.

ಬಳ್ಳಾರಿಯಿಂದ ಕುರುಗೋಡಿಗೆ ಹೋದವರು ದೊಡ್ಡಬಸವೇಶ್ವರನ ದರ್ಶನ ಮಾಡಿ ಬರುತ್ತಾರೆ. ಆ ಊರು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರ ರಾಜಧಾನಿಯಾಗಿತ್ತು. ಆ ಕಾಲದ ಶಿಲಾಶಾಸನಗಳು ಅಲ್ಲಿ ದೊರೆತಿವೆ. ಆ ಶತಮಾನಗಳ ಕನ್ನಡ ಶಾಸನಗಳಲ್ಲಿ ದಾನ, ತೆರಿಗೆ, ಸುಂಕಗಳ ಮಾತು ಬಂದ ಕಡೆ ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ಕಾಣುತ್ತವೆ. ಪಣವೇ ನಮ್ಮ ಬಾಯಲ್ಲಿ ಹಣವಾಯಿತು. ಹಣದ ಕಾಲುಭಾಗ ಹಾಗ; ಹಾಗದ ಕಾಲುಭಾಗ ವೀಸ. ಆದ್ದರಿಂದ ಹಣಕ್ಕೆ ನಾಲ್ಕು ಹಾಗ, ಹದಿನಾರು ವೀಸ. ಅದೇ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ಬರೆದನು. ಗಣಿತಕ್ಕೆ ವ್ಯವಹಾರವೆಂಬ ಹೆಸರು ಸೇರಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಧಾನ್ಯಕ್ಕೂ ಇದೇ ಕಟ್ಟು. ತುಂಗಭದ್ರೆಯ ನೀರಿನಲ್ಲಿ ಬೆಳೆದ ಸಿರುಗುಪ್ಪದ ಅಕ್ಕಿಯನ್ನು ನಾವು ಈಗ ಕಿಲೋಗ್ರಾಮಿನಲ್ಲಿ ಕೊಳ್ಳುತ್ತೇವೆ. ಮೆಟ್ರಿಕ್ ತೂಕಗಳು 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಳಕೆಗೆ ಬರುವುದಕ್ಕೆ ಮುಂಚೆ ಸೇರು, ಪಾವು, ಚಟಾಕುಗಳ ಲೆಕ್ಕವಿತ್ತು. ಸೇರಿಗೆ ನಾಲ್ಕು ಪಾವು. ಪಾವಿಗೆ ನಾಲ್ಕು ಚಟಾಕು.

ಈಗ ವಿದ್ಯಾರ್ಥಿಯ ಅಭ್ಯಾಸವನ್ನು ಅಕ್ಕಿಯ ಮೇಲೆ ಮಾಡಿ ನೋಡೋಣ. 107 ಚಟಾಕು ಅಕ್ಕಿ ಇದೆ ಎನ್ನಿ. ಅದನ್ನು ನಾಲ್ಕು ನಾಲ್ಕಾಗಿ ಪಾವು ಮಾಡಿದರೆ 26 ಪಾವು ಆಗಿ 3 ಚಟಾಕು ಉಳಿಯುತ್ತದೆ. ಆ 26 ಪಾವನ್ನು ನಾಲ್ಕು ನಾಲ್ಕಾಗಿ ಸೇರು ಮಾಡಿದರೆ 6 ಸೇರು ಆಗಿ 2 ಪಾವು ಉಳಿಯುತ್ತದೆ. ಅಂಗಡಿಯವನು ಇಲ್ಲಿಗೆ ನಿಲ್ಲಿಸಿ, "ಆರು ಸೇರು, ಎರಡು ಪಾವು, ಮೂರು ಚಟಾಕು" ಎಂದು ಹೇಳಿ ಕಾಸು ಕೇಳುತ್ತಾನೆ. ವಿದ್ಯಾರ್ಥಿ ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ನಾಲ್ಕರ ಮಾನದಲ್ಲಿ ಒಂದು ಸ್ಥಾನದಲ್ಲಿ ಮೂರಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. 6 ಸೇರನ್ನೂ ಕಟ್ಟಬೇಕು. ಒಂದು ಕಟ್ಟಾಗಿ 2 ಸೇರು ಉಳಿಯಿತು. ಕೊನೆಯ ಆ ಒಂದು ಕಟ್ಟನ್ನು ನಾಲ್ಕರಿಂದ ಭಾಗಿಸಿದರೆ ಭಾಗಲಬ್ಧ ಸೊನ್ನೆ, ಶೇಷ 1. ಕೆಲಸ ಮುಗಿಯಿತು.

ಶೇಷಗಳು ಬಂದ ಕ್ರಮ 3, 2, 2, 1. ಉತ್ತರವನ್ನು ಬರೆಯುವ ಕ್ರಮ 1223. ಹೊಸಬರು ಎಡವುವುದು ಇಲ್ಲಿಯೇ. ಭಾಗಾಕಾರದಲ್ಲಿ ಮೊದಲು ಉಳಿಯುವುದು ಬಿಡಿ ಚಟಾಕು, ಎಂದರೆ ಅತಿ ಚಿಕ್ಕ ಅಳತೆ. ನಾವು ಓದುವುದಾದರೋ ದೊಡ್ಡ ಅಳತೆಯಿಂದ; "ಮೂರು ಚಟಾಕು ಆರು ಸೇರು" ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಶೇಷಗಳನ್ನು ಕೂಡಿಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕಾರಣ ತಿಳಿದ ಮಗು ಇದನ್ನು ಮರೆಯುವುದಿಲ್ಲ.

ಇನ್ನೊಂದು ಸಣ್ಣ ಅಪಾಯವಿದೆ. ಭಾಗಲಬ್ಧ ಸೊನ್ನೆಯಾಗುವವರೆಗೆ ಭಾಗಿಸುತ್ತ ಹೋಗು ಎಂದು ಯಂತ್ರಕ್ಕೆ ಅಪ್ಪಣೆ ಕೊಡುತ್ತೇವೆ. ಕೊಟ್ಟ ಸಂಖ್ಯೆಯೇ ಸೊನ್ನೆಯಾಗಿದ್ದರೆ? ಯಂತ್ರ ಒಮ್ಮೆಯೂ ಭಾಗಿಸದೆ, ಏನನ್ನೂ ಬರೆಯದೆ ಸುಮ್ಮನೆ ನಿಂತುಬಿಡಬಹುದು. ಏನೂ ಇಲ್ಲದಿದ್ದರೂ "ಇಲ್ಲ" ಎಂದು ಬರೆಯಬೇಕು. ಸೊನ್ನೆಗೆ ಸೊನ್ನೆಯೇ ಉತ್ತರ. ಒಳ್ಳೆಯ ಉಪಾಧ್ಯಾಯರು ಪ್ರೋಗ್ರಾಮನ್ನು ಪರೀಕ್ಷಿಸುವಾಗ ಮೊದಲು ಸೊನ್ನೆಯನ್ನೇ ಕೊಟ್ಟು ನೋಡುತ್ತಾರೆ.

ಹಿಂದಿರುಗುವ ದಾರಿ ಇನ್ನೂ ಸುಲಭ. ನಾಲ್ಕರ ಮಾನದ 1223 ಎಷ್ಟು ಎಂದು ತಿಳಿಯಲು ಎಡಗಡೆಯಿಂದ ಹೊರಡಿ. ಕೈಯಲ್ಲಿ 1 ಇದೆ. ನಾಲ್ಕರಿಂದ ಗುಣಿಸಿ 2 ಕೂಡಿಸಿ, 6. ಮತ್ತೆ ನಾಲ್ಕರಿಂದ ಗುಣಿಸಿ 2 ಕೂಡಿಸಿ, 26. ಮತ್ತೆ ಗುಣಿಸಿ 3 ಕೂಡಿಸಿ, 107. ಇಳಿಯುವಾಗ ಕಂಡ 26, 6, 1 ಎಂಬ ಮೆಟ್ಟಿಲುಗಳೇ ಹತ್ತುವಾಗ 1, 6, 26 ಎಂದು ಬಂದವು. ಒಂದನ್ನು ಬಲ್ಲವರಿಗೆ ಇನ್ನೊಂದು ಬಾರದೆ ಇರುವುದಿಲ್ಲ.

ಈಗ ಆ 6ಬಿಯ ಗುಟ್ಟು. 107 ವೀಸಗಳನ್ನು ಹಾಗವೆಂಬ ನಡುವಿನ ಮೆಟ್ಟಿಲಿಲ್ಲದೆ ನೇರವಾಗಿ ಹಣ ಮಾಡಿ. ಹದಿನಾರಾರಲಿ ತೊಂಬತ್ತಾರು, 6 ಹಣ, 11 ವೀಸ. ಇದೇ ಹದಿನಾರರ ಮಾನ. 6 ಮತ್ತು 11 ಎಂದು ಒತ್ತಿ ಬರೆದರೆ 611 ಆಗಿ, ಓದುವವನಿಗೆ ಆರುನೂರ ಹನ್ನೊಂದೆಂಬ ಭ್ರಮೆ ಹುಟ್ಟುತ್ತದೆ. ಒಂದು ಸ್ಥಾನಕ್ಕೆ ಒಂದೇ ಗುರುತು ಬೇಕು. ಒಂಬತ್ತರ ಮೇಲೆ ನಮ್ಮಲ್ಲಿ ಅಂಕೆಗಳಿಲ್ಲವಾದ್ದರಿಂದ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹೀಗೆ ಹದಿನೈದಕ್ಕೆ ಎಫ್ ಎಂದು ಇಂಗ್ಲಿಷ್ ಅಕ್ಷರಗಳನ್ನು ಎರವಲು ತಂದರು. ಹನ್ನೊಂದು ವೀಸಕ್ಕೆ ಇಟ್ಟ ಒಂದು ಗುರುತೇ ಬಿ.

ಗಣಕಯಂತ್ರದೊಳಗೆ ಇರುವುದು ಎರಡರ ಮಾನ. ಅಲ್ಲಿ ವಿದ್ಯುತ್ತಿನ ಎರಡು ಸ್ಥಿತಿಗಳನ್ನು 0 ಮತ್ತು 1 ಎಂದು ಓದುತ್ತಾರೆ. ನಾಲ್ಕು ಎರಡೆರಡಲಿ ಆದದ್ದು. ಹದಿನಾರು ನಾಲ್ಕುನಾಲ್ಕಲಿ ಆದದ್ದು. ಆದ್ದರಿಂದ ಇವು ಮೂರೂ ಒಂದೇ ಮನೆತನದವು. 1223ರ ಒಂದೊಂದು ಅಂಕೆಯನ್ನೂ ಎರಡರ ಮಾನದ ಎರಡೆರಡು ಗುರುತುಗಳಾಗಿ ಬರೆಯಿರಿ: 01, 10, 10, 11. ಮುಂದಿನ ಸೊನ್ನೆಯನ್ನು ಬಿಟ್ಟು ಒಟ್ಟಿಗೆ ಓದಿದರೆ 1101011. ಭಾಗಾಕಾರವೇ ಬೇಕಾಗಲಿಲ್ಲ. ಉದ್ದನೆಯ ಸೊನ್ನೆ ಒಂದುಗಳ ಸಾಲನ್ನು ಎಂಜಿನಿಯರುಗಳು ಹದಿನಾರರ ಮಾನದಲ್ಲಿ ಗಿಡ್ಡವಾಗಿ ಬರೆದುಕೊಳ್ಳುವುದು ಈ ಅನುಕೂಲಕ್ಕಾಗಿಯೇ.

ಎಲ್ಲ ಕಟ್ಟುಗಳೂ ಈ ಮನೆತನದವಲ್ಲ. ಬಳ್ಳಾರಿಯ ಜೀನ್ಸ್ ಬಟ್ಟೆಗಳು ದೇಶದ ಅನೇಕ ಕಡೆಗೆ ಹೋಗುತ್ತವೆ. ಹೊಲಿಗೆಯ ವ್ಯಾಪಾರದಲ್ಲಿ ಗುಂಡಿಗಳನ್ನು ಡಜನು, ಗ್ರೋಸುಗಳಲ್ಲಿ ಎಣಿಸುವುದುಂಟು. ಹನ್ನೆರಡು ಬಿಡಿಗೆ ಒಂದು ಡಜನು, ಹನ್ನೆರಡು ಡಜನಿಗೆ ಒಂದು ಗ್ರೋಸು. 500 ಗುಂಡಿಗಳನ್ನು ಹನ್ನೆರಡರಿಂದ ಭಾಗಿಸಿದರೆ 41 ಡಜನು, 8 ಬಿಡಿ. 41 ಡಜನನ್ನು ಮತ್ತೆ ಭಾಗಿಸಿದರೆ 3 ಗ್ರೋಸು, 5 ಡಜನು. ಹನ್ನೆರಡರ ಮಾನದಲ್ಲಿ 358. ಅಕ್ಕಿಗೆ ಮಾಡಿದ ಕ್ರಮವೇ ಗುಂಡಿಗೂ ಸಾಕಾಯಿತು; ನಾಲ್ಕರ ಜಾಗದಲ್ಲಿ ಹನ್ನೆರಡು ಬಂತು, ಅಷ್ಟೆ. ಒಳ್ಳೆಯ ಪ್ರೋಗ್ರಾಮಿನ ಲಕ್ಷಣವೂ ಇದೇ. ನಾಲ್ಕಕ್ಕೊಂದು, ಹನ್ನೆರಡಕ್ಕೊಂದು ಬೇರೆ ಬೇರೆ ಬರೆಯದೆ, ಕಟ್ಟಿನ ಅಳತೆಯನ್ನೂ ಕೇಳಿಕೊಳ್ಳುವ ಒಂದೇ ಪ್ರೋಗ್ರಾಮನ್ನು ಬರೆಯಬೇಕು.

ಹೊಸಬರಿಗೆ ಇನ್ನೊಂದು ಗೊಂದಲವುಂಟು. ೧೦೭ ಎಂದು ಕನ್ನಡ ಅಂಕೆಗಳಲ್ಲಿ ಬರೆದರೂ 107 ಎಂದು ಬರೆದರೂ ಎಣಿಕೆ ಒಂದೇ, ಗುರುತು ಬೇರೆ. ಮನುಷ್ಯರಿಗೆ ಇದು ಹೇಳದೆಯೇ ತಿಳಿಯುತ್ತದೆ. ಯಂತ್ರಕ್ಕೆ ತಿಳಿಯುವುದಿಲ್ಲ. ಕೀಲಿಮಣೆಯಲ್ಲಿ 7 ಎಂದು ಒತ್ತಿದರೆ ಯಂತ್ರಕ್ಕೆ ಸಿಗುವುದು ಏಳು ಎಂಬ ಎಣಿಕೆಯಲ್ಲ, ಆ ಗುರುತಿಗೆ ಇಟ್ಟ ಕ್ರಮಸಂಖ್ಯೆ. 0 ಎಂಬ ಗುರುತಿನ ಕ್ರಮಸಂಖ್ಯೆ 48, 7ರದು 55. ಲೋಕದ ಲಿಪಿಗಳಿಗೆಲ್ಲ ಸ್ಥಾನ ಕೊಟ್ಟ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ೦ಯ ಸಂಖ್ಯೆ 3302, ೭ರದು 3309. 55ರಲ್ಲಿ 48 ಕಳೆದರೆ ಏಳು. 3309ರಲ್ಲಿ 3302 ಕಳೆದರೂ ಏಳು. ಹೀಗೆ ಕಳೆದು ಎಣಿಕೆಯನ್ನು ಹೊರತೆಗೆದ ಮೇಲೆಯೇ ಗುಣಾಕಾರ ಭಾಗಾಕಾರಗಳನ್ನು ಮಾಡಬೇಕು. ಕಳೆಯುವುದನ್ನು ಮರೆತವರ ಪ್ರೋಗ್ರಾಮು ವಿಪರೀತ ಉತ್ತರಗಳನ್ನು ಕೊಡುತ್ತದೆ. ಆಗ ಯಂತ್ರ ಕೆಟ್ಟಿತೆಂದು ಭಾವಿಸಬಾರದು.

ಎರಡರ ಲೆಕ್ಕ ಪಶ್ಚಿಮದಿಂದ ಬಂದ ಹೊಸ ಸಂಗತಿಯೆಂದು ಎಣಿಸುವವರಿದ್ದಾರೆ. ಜರ್ಮನಿಯ ಲೈಬ್ನಿಟ್ಸ್ ಅದರ ಮೇಲೆ ಲೇಖನ ಪ್ರಕಟಿಸಿದ್ದು 1703ರಲ್ಲಿ. ನಮ್ಮ ಛಂದಸ್ಸಿನವರು ಅದಕ್ಕೆ ಬಹು ಹಿಂದೆಯೇ ಇದನ್ನು ಹೋಲುವ ಲೆಕ್ಕ ಮಾಡಿದ್ದರು. ಮೂರು ಅಕ್ಷರಗಳ ಗಣಗಳು ಎಂಟು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಲಘು, ಗುರು ಎಂಬ ಎರಡೇ ಗುರುತುಗಳಿಂದ ಮೂರು ಸ್ಥಾನಗಳನ್ನು ತುಂಬುವ ರೀತಿ ಎಂಟೇ ಇರುವುದರಿಂದ ಹಾಗಾಯಿತು. ಪಟ್ಟಿಯಲ್ಲಿ ಆರನೆಯ ಗಣ ಯಾವುದು? ಪಿಂಗಳನ ಛಂದಶ್ಶಾಸ್ತ್ರದ 'ನಷ್ಟ'ವೆಂಬ ಕ್ರಮ ಹೇಳುತ್ತದೆ: ಸಮಸಂಖ್ಯೆಯಾದರೆ ಲಘು ಬರೆದು ಅರ್ಧ ಮಾಡು, ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಆರು ಸಮ: ಲಘು, ಉಳಿದದ್ದು ಮೂರು. ಮೂರು ಬೆಸ: ಗುರು, ಉಳಿದದ್ದು ಎರಡು. ಎರಡು ಸಮ: ಲಘು. ಲಘು ಗುರು ಲಘು, ಅದೇ ಜಗಣ. ಎರಡರಿಂದ ಭಾಗಿಸುತ್ತ ಶೇಷ ನೋಡುವ ವಿದ್ಯಾರ್ಥಿ ಮಾಡುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪೂರ್ಣಸಂಖ್ಯೆಗಳ ಮಾತು. ಅವುಗಳ ಕಟ್ಟು ಎಷ್ಟು ಸಲ ಬದಲಿಸಿದರೂ ಒಂದು ಕಾಳೂ ಕಳೆದುಹೋಗುವುದಿಲ್ಲ. ಭಿನ್ನರಾಶಿಗೆ ಬಂದಾಗ ಮಾತು ಬೇರೆ. ಇದಕ್ಕೆ ನಮ್ಮ ದೇಶದಲ್ಲೇ ದೊಡ್ಡ ನಿದರ್ಶನವಿದೆ.

1957ರ ಏಪ್ರಿಲ್ 1ರಂದು ಭಾರತದ ನಾಣ್ಯ ದಶಮಾನಕ್ಕೆ ಬದಲಾಯಿತು. ಅದುವರೆಗೆ ರೂಪಾಯಿಗೆ ಹದಿನಾರಾಣೆ. ಆಣೆಗೆ ನಾಲ್ಕು ಪೈಸೆ, ಅಥವಾ ಹನ್ನೆರಡು ಪೈ. ಅಂದಿನಿಂದ ರೂಪಾಯಿಗೆ ನೂರು ನಯಾ ಪೈಸೆ. ಕೆಲವು ಕಾಲ ಹಳೆಯ ನಾಣ್ಯವೂ ಹೊಸದೂ ಜೊತೆಯಲ್ಲೇ ನಡೆದವು. 1964ರಲ್ಲಿ ನಯಾ ಎಂಬ ಮಾತು ಬಿದ್ದುಹೋಗಿ ಪೈಸೆ ಉಳಿಯಿತು. ಲೆಕ್ಕದ ಪ್ರಕಾರ ಒಂದಾಣೆಗೆ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯ ಇರಲಿಲ್ಲ. ಆದ್ದರಿಂದ ಪರಿವರ್ತನೆಯ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿಯಾಯಿತು.

ಇದರ ಪರಿಣಾಮವನ್ನು ನೀವೇ ಲೆಕ್ಕ ಹಾಕಿ. ಒಂದಾಣೆಯ ಸಾಮಾನನ್ನು ದಿನಕ್ಕೊಮ್ಮೆ ಹದಿನಾರು ದಿನ ಕೊಂಡವನು ಹಳೆಯ ಲೆಕ್ಕದಲ್ಲಿ ಒಂದು ರೂಪಾಯಿ ಕೊಡಬೇಕು. ಕೋಷ್ಟಕದಂತೆ ಕೊಟ್ಟರೆ 96 ನಯಾ ಪೈಸೆ. ಅಂಗಡಿಯವನಿಗೆ 4 ಪೈಸೆ ನಷ್ಟ. ಮೂರಾಣೆಯ ಸಾಮಾನನ್ನು ಹದಿನಾರು ದಿನ ಕೊಂಡವನು ಮೂರು ರೂಪಾಯಿಯ ಬದಲು 3 ರೂಪಾಯಿ 4 ನಯಾ ಪೈಸೆ ಕೊಡಬೇಕು; ಈ ಸಲ ನಷ್ಟ ಗಿರಾಕಿಗೆ. ಹದಿನಾರು ದಿನದ್ದನ್ನು ಒಟ್ಟು ಕೂಡಿಸಿ ಒಮ್ಮೆಗೇ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಕೂಡಿಸಿದ ಮೇಲೆ ಬದಲಿಸಬೇಕೇ, ಬದಲಿಸಿದ ಮೇಲೆ ಕೂಡಿಸಬೇಕೇ ಎಂಬುದು ಅಂದು ಕಾಸು ಕಾಸು ನೋಡಿ ಸಂಸಾರ ನಡೆಸುವವರಿಗೆ ನಿಜವಾದ ಪ್ರಶ್ನೆಯಾಗಿತ್ತು. ಇಂದಿಗೂ ಪ್ರೋಗ್ರಾಮು ಬರೆಯುವವರಿಗೆ ಅದೇ ಪ್ರಶ್ನೆ.

ಆಣೆಯ ಭಿನ್ನ ದಶಮಾನದಲ್ಲಿ ಕಡೆಗಾದರೂ ಮುಗಿಯುತ್ತದೆ. ಆರೂಕಾಲು ಎಂದು ಪೂರ್ತಿ ಹೇಳಬಹುದು. ವಿರುದ್ಧ ದಿಕ್ಕಿನಲ್ಲಿ ಹೋದರೆ ಮುಗಿಯುವುದೇ ಇಲ್ಲ. ಒಂದು ಹಣವನ್ನು ಹತ್ತು ಜನರಿಗೆ ಸಮನಾಗಿ ಹಂಚಬೇಕೆನ್ನಿ. ಹದಿನಾರು ವೀಸದಲ್ಲಿ ತಲೆಗೆ ಒಂದು ವೀಸ ಕೊಟ್ಟರೆ ಆರು ವೀಸ ಉಳಿಯುತ್ತದೆ. ಆ ಆರನ್ನು ಕಾಲು ಕಾಲಾಗಿ ಒಡೆಯಿರಿ: ಇಪ್ಪತ್ತನಾಲ್ಕು ಚೂರು, ತಲೆಗೆ ಎರಡು, ಉಳಿದದ್ದು ನಾಲ್ಕು. ಆ ನಾಲ್ಕನ್ನು ಮತ್ತೆ ಒಡೆಯಿರಿ: ಹದಿನಾರು ಚೂರು, ತಲೆಗೆ ಒಂದು, ಉಳಿದದ್ದು ಆರು. ಮತ್ತೆ ಆರಕ್ಕೇ ಬಂದೆವು! ಗಾಣದ ಎತ್ತಿನ ಹಾಗೆ ಒಂದು, ಎರಡು, ಒಂದು, ಎರಡು ಎಂದು ಕೊನೆಯಿಲ್ಲದೆ ಸುತ್ತಬೇಕು. ಎರಡರ ಮಾನದ ಯಂತ್ರದಲ್ಲೂ ಹತ್ತನೆಯ ಒಂದು ಭಾಗ ಹೀಗೆಯೇ ಮುಗಿಯುವುದಿಲ್ಲ. ಯಂತ್ರದಲ್ಲಿ ಜಾಗಕ್ಕೆ ಮಿತಿಯಿದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. 0.1ಕ್ಕೆ 0.2 ಕೂಡಿಸು ಎಂದು ಹೇಳಿದ ವಿದ್ಯಾರ್ಥಿಗೆ ಯಂತ್ರವು 0.30000000000000004 ಎಂದು ಉತ್ತರ ಕೊಡುವುದು ಇದರಿಂದಲೇ.

ಇಷ್ಟು ಸಣ್ಣ ಚೂರಿನಿಂದ ಏನಾದೀತು ಎನ್ನುವಿರಾ? 1991ರ ಕೊಲ್ಲಿ ಯುದ್ಧದಲ್ಲಿ ಸೌದಿ ಅರೇಬಿಯದ ದಹರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಎಂಬ ಕ್ಷಿಪಣಿ ತಡೆಯುವ ವ್ಯವಸ್ಥೆಯಿತ್ತು. ಅದರ ಗಣಕ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಎಣಿಕೆ ಸರಿಯಾಗಿಯೇ ಇತ್ತು. ಅದನ್ನು ಸೆಕೆಂಡಿಗೆ ತಿರುಗಿಸಲು ಹತ್ತನೆಯ ಒಂದರಿಂದ ಗುಣಿಸುವಾಗ, 24 ಸ್ಥಾನಗಳಲ್ಲಿ ಕತ್ತರಿಸಿಟ್ಟ ಸಂಖ್ಯೆಯನ್ನು ಬಳಸಿದ್ದರು. ಒಂದೊಂದು ಸಲಕ್ಕೆ ತಪ್ಪಿದ್ದು ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು. ಯಂತ್ರವನ್ನು ನಿಲ್ಲಿಸದೆ ನೂರು ಗಂಟೆ ನಡೆಸಿದಾಗ ಆ ಎಣಿಕೆ 36 ಲಕ್ಷಕ್ಕೆ ಮುಟ್ಟಿ, ತಪ್ಪು ಸುಮಾರು ಮೂರನೆಯ ಒಂದು ಸೆಕೆಂಡಿಗೆ ಬೆಳೆಯಿತು. ಅಷ್ಟರಲ್ಲಿ ಬರುವ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಫೆಬ್ರವರಿ 25ರಂದು ಇರಾಕಿನ ಸ್ಕಡ್ ಕ್ಷಿಪಣಿ ಬಂದಾಗ ಆ ವ್ಯವಸ್ಥೆ ಅದನ್ನು ಬೇರೆಲ್ಲೋ ಹುಡುಕಿತು. ಶಿಬಿರದಲ್ಲಿದ್ದ 28 ಮಂದಿ ಸೈನಿಕರು ಸತ್ತರು.

ಆದ್ದರಿಂದ ನಿಮ್ಮ ಮಗನೋ ಮಗಳೋ ಮಾನ ಬದಲಿಸುವ ಅಭ್ಯಾಸವನ್ನು ಬರೆಯುವಾಗ ಮೂರು ಪ್ರಶ್ನೆ ಕೇಳಿ. ಕಟ್ಟು ಬದಲಾದರೂ ರಾಶಿ ಅದೇ ಎಂಬುದು ತಿಳಿದಿದೆಯೇ? ಶೇಷಗಳನ್ನು ಕೆಳಗಿನಿಂದ ಏಕೆ ಓದುತ್ತೀ? ಭಿನ್ನರಾಶಿ ಬಂದರೆ ಉಳಿದ ಚೂರನ್ನು ಎಲ್ಲಿಡುತ್ತೀ? ಮೂರನೆಯ ಪ್ರಶ್ನೆಗೆ ನಮ್ಮ ಹಳೆಯ ಲೆಕ್ಕಿಗರ ಉತ್ತರವೇ ಈಗಲೂ ಒಳ್ಳೆಯದು. ಭಿನ್ನವನ್ನು ಭಿನ್ನವಾಗಿ ಇಡದೆ, ಚಿಕ್ಕ ಅಳತೆಗೆ ಇಳಿಸಿ ಪೂರ್ಣಸಂಖ್ಯೆಯಾಗಿ ಇಟ್ಟುಕೊಳ್ಳುವುದು. ಅವರು ಕಾಲು ಹಣ, ಅರ್ಧ ಪಾವು ಎನ್ನದೆ ನಾಲ್ಕು ವೀಸ, ಎರಡು ಚಟಾಕು ಎಂದು ಎಣಿಸಬಲ್ಲವರಾಗಿದ್ದರು. ಹಣದ ಲೆಕ್ಕದ ಪ್ರೋಗ್ರಾಮಿನಲ್ಲಿ ನೂರು ರೂಪಾಯಿ ಹತ್ತು ಪೈಸೆಯನ್ನು 100.10 ಎಂದು ಇಡದೆ 10,010 ಪೈಸೆ ಎಂದು ಇಟ್ಟುಕೊಂಡು, ಕೂಡಿಸುವುದು ಕಳೆಯುವುದು ಮುಗಿದ ಮೇಲೆ, ಕಾಗದದ ಮೇಲೆ ತೋರಿಸುವಾಗ ಮಾತ್ರ ರೂಪಾಯಿಯಾಗಿ ಬರೆಯಲಿ.

ಯಂತ್ರ ಇಲ್ಲದೆಯೇ ಇದನ್ನೆಲ್ಲ ಕಲಿಯಬಹುದು. ಒಂದು ಹಿಡಿ ಹುಣಸೆಬೀಜ ಸಾಕು. ಮಕ್ಕಳು ಅವುಗಳನ್ನು ನಾಲ್ಕರಂತೆ ಒಮ್ಮೆ, ಹನ್ನೆರಡರಂತೆ ಒಮ್ಮೆ ಗುಂಪು ಮಾಡಿ, ಉಳಿದದ್ದನ್ನು ಬರೆದುಕೊಳ್ಳಲಿ. ಮನೆಯಲ್ಲಿ ಆಣೆಯ ಲೆಕ್ಕ ಬಲ್ಲ ಅಜ್ಜನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಪ್ರೋಗ್ರಾಮನ್ನು ಆಮೇಲೆ ಬರೆಯಬಹುದು.